ಕತ್ತರಿಸಿಹೋದ ಕ್ರಿಯಾಪದ

ಮೊನ್ನೆ ಪರಿಚಯದವರ ಮಗಳು ಫೋನ್ ಮಾಡಿದ್ದಳು. ಗುಡ್‌ಗಾಂವ್ ಕಡೆಯ ಯಾವುದೋ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ. "ಅಂಕಲ್, ಡೇಟಾಬೇಸಿಂದ ರೆಕಾರ್ಡ್ ಹೊರಗೆ ತೆಗೆದು, ಕ್ಲೀನ್ ಮಾಡಿ, ಸ್ಟ್ಯಾಟಿಸ್ಟಿಕ್ಸ್‌ನವರಿಗೆ ಕೊಡೋದಂತೆ. ನೀವೂ ಅದೇ ಮಾಡ್ತಿದ್ರಲ್ಲ, ಬೋರ್ ಆಗ್ತಿರ್ಲಿಲ್ವಾ?" ಎಂದು ಕೇಳಿದಳು. "ಒಳ್ಳೇ ಕೆಲಸ, ಧೈರ್ಯವಾಗಿ ಸೇರ್ಕೊ" ಎಂದು ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ದೆಹಲಿಯ ಪೀತಮ್‌ಪುರದ ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ಕುರ್ಚಿ ಹಾಕಿದರೆ ನಿಲ್ಲಲು ಜಾಗವಿಲ್ಲ. ಆ ಕುರ್ಚಿಯನ್ನು ಒಳಗಿಟ್ಟು, ಅಲ್ಲೇ ಅತ್ತಿಂದಿತ್ತ ಓಡಾಡಿದೆ. ಬೋರ್ ಆಗಲು ನನಗೆ ಪುರುಸೊತ್ತೇ ಇರಲಿಲ್ಲ ತಾಯಿ ಎಂದು ಹೇಳಬೇಕಿತ್ತು. ಅದನ್ನೇ ಈಗ ಬರೆಯುತ್ತಿದ್ದೇನೆ.

ಕೆಲಸ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಕ್ಷೇತ್ರಕಾರ್ಯದವರು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರುತ್ತಾರೆ. ಅದು ಡೇಟಾಬೇಸಿಗೆ ಹೋಗುತ್ತದೆ. ಅಲ್ಲಿಂದ ಅದನ್ನು ಹೊರತೆಗೆದು, ವಿಶ್ಲೇಷಣೆಯ ಕೋಡ್ ಓದಬಲ್ಲ ಹಾಗೆ ಅಣಿಮಾಡಿ ಕೊಡುವವನು ನಾನು. ನಮ್ಮಜ್ಜಿ ಮೊರದಲ್ಲಿ ಅಕ್ಕಿ ಹರವಿಕೊಂಡು ಕೂರುತ್ತಿದ್ದಳಲ್ಲ, ಅದೇ ಕೆಲಸ. ಕಲ್ಲು ಆರಿಸಿ ಎಸೆಯುವುದು ಸುಲಭ. ಕಲ್ಲೆಂದುಕೊಂಡು ಅಕ್ಕಿಯನ್ನು ಎಸೆದುಬಿಡದಿರುವುದು ಕಷ್ಟ.

ಅಜ್ಜಿಯ ಹೆಸರೆತ್ತಿದ ಮೇಲೆ ಇದನ್ನೂ ಹೇಳಬೇಕು. ನಾನು ಮಾತು ಕಲಿತದ್ದು ಆಕೆಯ ಬಳಿ, ತಿಪಟೂರಿನಲ್ಲಿ. ಹುಟ್ಟಾ ನಿಲ್ಲದ ಕಾಲು ನನ್ನದು. ಆಕೆ "ಶೆಟ್ಟರ ಅಂಗಡಿಯಿಂದ ಬೆಲ್ಲ..." ಎಂದು ಬಾಯಿ ತೆರೆದಳೆಂದರೆ ನಾನು ಆಗಲೇ ಬೀದಿಯಲ್ಲಿ. ಬೆಲ್ಲದ ಪೊಟ್ಟಣ ತಂದು ಮುಂದಿಟ್ಟರೆ ತಲೆಗೊಂದು ಮೊಟಕು. "ತರಬೇಡ ಅಂದ್ನಲ್ಲೋ, ಅವನ ಬೆಲ್ಲದಲ್ಲಿ ಮಣ್ಣಿರತ್ತೆ ಅಂತ. ನಮ್ಮ ಮಾತಲ್ಲಿ ಹೌದು, ಇಲ್ಲ ಎರಡೂ ಬಾಲದಲ್ಲಿರತ್ತೆ ಕಣೋ, ಬಾಲ ಬರೋವರೆಗೂ ನಿಂತ್ಕೊ" ಎನ್ನುತ್ತಿದ್ದಳು. ಈ ಮಾತು ದೆಹಲಿಯಲ್ಲಿ ನನ್ನ ಕೈಹಿಡಿಯುತ್ತದೆಂದು ಆಕೆಗೂ ಗೊತ್ತಿರಲಿಲ್ಲ, ನನಗೂ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಆ ಸಂಸ್ಥೆಗೆ ಸೇರಿದೆ. ಮುನಿರ್ಕಾದ ಹತ್ತಿರ, ಒಂದು ಮಾರ್ಕೆಟ್ಟಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಆಗೆಲ್ಲ ತಿದ್ದುವುದು ಕೈಯಿಂದ. ಹೊರತೆಗೆದ ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆಯುವುದು, ತಪ್ಪು ಕಂಡಲ್ಲಿ ಅಳಿಸಿ ಸರಿ ಬರೆಯುವುದು, ಉಳಿಸುವುದು. ಯಾರು ಏನನ್ನು ಏಕೆ ತಿದ್ದಿದರು ಎಂಬುದಕ್ಕೆ ಗುರುತೇ ಇಲ್ಲ. ಸಾಲದ್ದಕ್ಕೆ ಆ ಸ್ಪ್ರೆಡ್‌ಶೀಟು ಮಹಾ ಉಪಕಾರಿ. ಕೇಳದಿದ್ದರೂ ಸಹಾಯ ಮಾಡುತ್ತದೆ. ದೆಹಲಿಯ ಮನೆ ನಂಬರುಗಳಲ್ಲಿ ಅಡ್ಡಗೆರೆ ಜಾಸ್ತಿ. 15/8 ಎಂಬ ಮನೆಯನ್ನು ಅದು ತಾರೀಕೆಂದು ತಿಳಿದು "15 ಆಗಸ್ಟ್" ಮಾಡಿಟ್ಟಿತ್ತು. ಆ ಪಟ್ಟಿ ಹಿಡಿದು ಎರಡನೇ ಸುತ್ತಿಗೆ ಹೋದವರು ಓಣಿಯಲ್ಲಿ "ಪಂದ್ರಹ್ ಆಗಸ್ಟ್ ಕಿಧರ್ ಹೈ?" ಎಂದು ಕೇಳಿದರಂತೆ. ಕಟ್ಟೆಯ ಮೇಲೆ ಕೂತಿದ್ದ ಮುದುಕರು "ಲಾಲ್ ಕಿಲೇ ಪರ್" ಎಂದು ಕೆಂಪುಕೋಟೆಯ ದಿಕ್ಕಿಗೆ ಕೈತೋರಿಸಿ ಕಳಿಸಿದರಂತೆ.

ಇನ್ನೊಂದು ಸಲ ತಾಯಂದಿರ ವಯಸ್ಸು. ಗೊತ್ತಿಲ್ಲದಿದ್ದರೆ 99 ಎಂದು ಹಾಕುವುದು ಪದ್ಧತಿ. ಅದನ್ನು ಖಾಲಿ ಎಂದು ಬದಲಿಸದೆ ಯಾರೋ ಸರಾಸರಿ ತೆಗೆದರು. ನಮ್ಮ ಮುಖ್ಯಸ್ಥರು ಡಾಕ್ಟರ್ ಮೆಹ್ರಾ. ಪಂಜಾಬಿ ಮನುಷ್ಯ, ಎತ್ತರದ ದನಿ, ಎಲ್ಲದಕ್ಕೂ ಆತುರ. ಅವರು ಆ ಕೋಷ್ಟಕ ಹಿಡಿದು ನನ್ನ ಮೇಜಿನ ಮುಂದೆ ನಿಂತು, "ರಾವ್ ಸಾಹೇಬ್, ಇಸ್ ಮೊಹಲ್ಲೇ ಮೇಂ ದಾದಿಯಾಂ ಬಚ್ಚೇ ಪೈದಾ ಕರ್ ರಹೀ ಹೈಂ ಕ್ಯಾ?" ಎಂದರು. ಅಜ್ಜಿಯರೇ ಹೆರುತ್ತಿದ್ದಾರಾ ಈ ಬೀದಿಯಲ್ಲಿ ಅಂತ. ನಗಬೇಕೋ ಬೇಡವೋ ತಿಳಿಯದೆ ಪೆನ್ನು ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದೆ.

ಇಂಥವು ಬೇಕಾದಷ್ಟಿವೆ. ಇವೆಲ್ಲ ನಕ್ಕು ಮರೆಯುವಂಥವು. ಮರೆಯಲಾಗದ್ದು ಒಂದಿದೆ, ಬಿಮ್ಲಾ ದೀದಿಯದು.

ಅಷ್ಟು ಹೊತ್ತಿಗೆ ಕೆಲಸದ ರೀತಿ ಬದಲಾಗಿತ್ತು. ಕೈಯಿಂದ ತಿದ್ದುವುದನ್ನು ಬಿಟ್ಟು ಎಲ್ಲವನ್ನೂ ಕೋಡಿನಲ್ಲಿ ಬರೆಯಬೇಕು ಎಂದು ನಾನು ಹಟ ಹಿಡಿದು ಜಾರಿಗೆ ತಂದಿದ್ದೆ. ಮೂಲವನ್ನು ಮುಟ್ಟಬಾರದು. ಏನು ಬದಲಿಸಿದರೂ ಅದೊಂದು ಸಾಲಾಗಿ ಕೋಡಿನಲ್ಲಿರಬೇಕು, ನಾಳೆ ಯಾರಾದರೂ ಓದಿ ಬೈಯಲು ಬರುವಂತಿರಬೇಕು. ಇದಕ್ಕೆಂದೇ ಜೆಸಿಂತಾ ಎಂಬ ಹುಡುಗಿ ಬಂದಿದ್ದಳು. ಉಡುಪಿ ಕಡೆಯವಳು, ಸಂಖ್ಯಾಶಾಸ್ತ್ರ ಓದಿದವಳು, ಮುನಿರ್ಕಾದ ಓಣಿಯೊಂದರಲ್ಲಿ ಮೂರನೇ ಮಹಡಿಯ ಕೋಣೆ. ಕೋಡ್ ಬರೆಯಲು ಕೂತರೆ ಕೀಲಿಮಣೆಯ ಮೇಲೆ ಮಳೆ ಬಂದ ಹಾಗೆ. ಹಿಂದಿ ಮಾತ್ರ ಆಗಷ್ಟೇ ಕಣ್ಣು ಬಿಡುತ್ತಿತ್ತು.

ಅಧ್ಯಯನ ಇದ್ದದ್ದು ಭೇದಿಯಾದ ಮಕ್ಕಳಿಗೆ ಕೊಡುವ ಒಂದು ಪುಡಿಯ ಬಗ್ಗೆ. ಪುಡಿ ಕೊಟ್ಟ ಮೇಲೆ ಮಗುವಿಗೆ ವಾಂತಿಯಾಯಿತೇ, ಆಗಿದ್ದರೆ ಯಾವ ತಾರೀಕು? ಅದೇ ಮುಖ್ಯ ಪ್ರಶ್ನೆ. ಕ್ಷೇತ್ರಕಾರ್ಯಕ್ಕೆ ಆರೇಳು ಹೆಂಗಸರು. ಅವರಲ್ಲಿ ಹಿರಿಯರು ಬಿಮ್ಲಾ ದೀದಿ. ಹರಿಯಾಣದ ಕಡೆಯವರು, ಒರಟು ಮಾತು, ಬಿಸಿಲಿಗೆ ದುಪಟ್ಟಾ ತಲೆಗೆ ಸುತ್ತಿಕೊಂಡು ಓಣಿ ಓಣಿ ಸುತ್ತುವವರು. ಉಳಿದವರು ವಾಂತಿ ಹೌದು ಎಂದು ಗುರುತು ಹಾಕಿ, ತಾರೀಕಿನ ಅಂಕಿ ತುಂಬಿ ಮುಗಿಸುತ್ತಿದ್ದರು. ಬಿಮ್ಲಾ ದೀದಿ ಹಾಗಲ್ಲ. ತಾಯಿ ಹೇಳಿದ ಮಾತನ್ನು ಹೇಳಿದ ಹಾಗೇ ಷರಾದಲ್ಲಿ ಬರೆಯುವರು. ತಾರೀಕಿನ ಕಾಲಂ ಎಷ್ಟೋ ಸಲ ಖಾಲಿ. ಕೇಳಿದರೆ, "ಮಾ ಕೇ ಮೂಂಹ್ ಸೇ ತಾರೀಖ್ ನಹೀಂ ನಿಕಲ್ತೀ ಭಾಯೀಸಾಬ್, ಬಾತ್ ನಿಕಲ್ತೀ ಹೈ" ಎನ್ನುವರು. ತಾಯಿಯ ಬಾಯಿಂದ ತಾರೀಕು ಬರುವುದಿಲ್ಲ, ಮಾತು ಬರುತ್ತದೆ.

ಒಂದು ಶುಕ್ರವಾರ ಆಫೀಸಿಗೆ ಬಂದಾಗ ಬಿಮ್ಲಾ ದೀದಿ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಚೀಲ ಮಡಿಲಲ್ಲಿ. ಆ ಹೊತ್ತಿಗೆ ಅವರು ಓಣಿಯಲ್ಲಿರಬೇಕಾದವರು.

"ಏನಾಯ್ತು ದೀದಿ?" ಎಂದು ಕೇಳಿದೆ.

"ಸಾಬ್ ಬೋಲೇ, ಫೀಲ್ಡ್ ಮತ್ ಜಾವೋ. ಬಸ್" ಎಂದರು. ಓಣಿಗೆ ಹೋಗಬೇಡ ಅಂದರಂತೆ ಸಾಹೇಬರು, ಅಷ್ಟೇ. ಮುಖ ಎತ್ತಲಿಲ್ಲ.

ಒಳಗೆ ಮೆಹ್ರಾ ಸಾಹೇಬರು ಒಂದು ಹಾಳೆಯನ್ನು ನನ್ನತ್ತ ತಳ್ಳಿದರು. ತಾರೀಕುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸುವ ಕೋಡಿನ ಫಲಿತಾಂಶ. ಭೇಟಿ ಕೊಟ್ಟ ದಿನಕ್ಕಿಂತ ವಾಂತಿಯಾದ ದಿನ ಮುಂದಿದ್ದ ರೆಕಾರ್ಡುಗಳೆಲ್ಲ ಅದರಲ್ಲಿದ್ದವು. ಅಷ್ಟೂ ಬಿಮ್ಲಾ ದೀದಿಯವೇ. ಬೇರೆ ಯಾರದೂ ಒಂದೂ ಇಲ್ಲ.

"ನಾಳೆ ಆಗೋ ವಾಂತಿ ಇವತ್ತೇ ಗೊತ್ತಾಗತ್ತಾ ರಾವ್ ಸಾಹೇಬ್? ಮನೇಲಿ ಕೂತು ಫಾರಂ ತುಂಬಿದ್ದಾಳೆ. ಸೋಮವಾರ ಮೀಟಿಂಗ್. ಅವಳ ರೆಕಾರ್ಡ್ ಎಲ್ಲ ತೆಗೆದುಹಾಕಿ, ಅವಳನ್ನೂ" ಎಂದು ಹಿಂದಿಯಲ್ಲಿ ಹೇಳಿದರು.

ಸುಳ್ಳು ಫಾರಂ ತುಂಬಿದವಳು ಎಂಬ ಹೆಸರು ಬಂದರೆ ಆಕೆಯ ಕಥೆ ಮುಗಿಯಿತು. ದೆಹಲಿಯಲ್ಲಿ ಅಧ್ಯಯನ ನಡೆಸುವವರೆಲ್ಲ ಒಬ್ಬರಿಗೊಬ್ಬರು ಪರಿಚಿತರು. ಒಂದು ಕಡೆ ಹೋದ ಹೆಸರು ಇನ್ನೊಂದು ಕಡೆ ಸಿಗುವುದಿಲ್ಲ. ನನಗೆ ಆಕೆ ಸುಳ್ಳು ಬರೆಯುವವರಲ್ಲ ಎಂದು ಗೊತ್ತಿತ್ತು. ಆದರೆ ನನಗೆ ಗೊತ್ತಿರುವುದು ಕೋಷ್ಟಕದಲ್ಲಿ ಎಲ್ಲಿಯೂ ಇರಲಿಲ್ಲ.

ಜೆಸಿಂತಾಳನ್ನು ಕೇಳಿದೆ. "ತಾರೀಕಿನ ಕಾಲಂ ಖಾಲಿಯಿದ್ದವು ಅಲ್ವಾ, ಈ ತಾರೀಕುಗಳು ಎಲ್ಲಿಂದ ಬಂದವಮ್ಮ?"

"ಮೆಹ್ರಾ ಸರ್ ಹೇಳಿದ್ರು ಸರ್, ನೀವು ರಜೆಯಲ್ಲಿ ಇದ್ರಲ್ಲ. ಖಾಲಿ ಇದ್ದದ್ದನ್ನು ಷರಾದಿಂದ ತುಂಬು ಅಂತ. ನಾನು ಕೋಡ್ ಬರೆದೆ. ಷರಾದಲ್ಲಿ ದಿನದ ಶಬ್ದ ಹುಡುಕಿ, ಭೇಟಿಯ ತಾರೀಕಿಗೆ ಕೂಡಿಸುವುದು. ಎಲ್ಲ ಸರಿಯಾಗಿ ಓಡ್ತಾ ಉಂಟು."

ಓಡುತ್ತಿತ್ತು, ಅದೇ ತೊಂದರೆ. ಎಡವಿದ ಕೋಡ್ ಕೂಗಿ ಹೇಳುತ್ತದೆ. ತಪ್ಪು ದಾರಿಯಲ್ಲಿ ಸಲೀಸಾಗಿ ಓಡುವ ಕೋಡ್ ಏನೂ ಹೇಳುವುದಿಲ್ಲ. ಆ ದಿನವೆಲ್ಲ ಸಾಲು ಸಾಲಾಗಿ ನೋಡಿದೆ. ಷರಾಗಳು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಹಿಂದಿ. "ಗುಡ್ಡೂ ಕೋ ಕಲ್ ದೋ ಬಾರ್", "ಮುನ್ನೀ ಕೋ ಕಲ್ ಶಾಮ್ ಕೋ". ಗುಡ್ಡೂವಿಗೆ ಎರಡು ಸಲ, ಮುನ್ನಿಗೆ ಸಂಜೆ, ಅಷ್ಟಕ್ಕೇ ನಿಂತುಬಿಟ್ಟಿವೆ. ಇಷ್ಟು ಚುಟುಕಾಗಿ ಬಿಮ್ಲಾ ದೀದಿ ಯಾವತ್ತು ಬರೆದರು ಎಂದು ಮನಸ್ಸು ಕುಟುಕಿತು. ಮುಂದಕ್ಕೆ ಹೊಳೆಯಲಿಲ್ಲ. ಚಹಾ ತರಿಸಿದೆ, ಆರಿಹೋಯಿತು. ಇನ್ನೊಂದು ತರಿಸಿದೆ, ಅದೂ ಆರಿತು.

ಶನಿವಾರ ಅರ್ಧ ದಿನ. ಮಧ್ಯಾಹ್ನದ ಹೊತ್ತಿಗೆ ಜೆಸಿಂತಾಳಿಗೆ ಫೋನ್ ಬಂತು, ಗ್ಯಾಸ್ ಸಿಲಿಂಡರಿನವನು ಮನೆಯ ಕೆಳಗೆ ನಿಂತಿದ್ದಾನೆ ಎಂದು. ಆಫೀಸಿನಲ್ಲಿ ಕೂತು ನನಗೂ ಕಾಲು ಜೋಮು ಹಿಡಿದಿತ್ತು. "ನಡಿ, ನಾನೂ ಬರ್ತೀನಿ, ಅಲ್ಲೇ ಚಹಾ ಕುಡಿಯೋಣ" ಎಂದು ಹೊರಟೆ. ಮುನಿರ್ಕಾದ ಓಣಿ ಗೊತ್ತಲ್ಲ, ಎರಡೂ ಕಡೆಯ ಬಾಲ್ಕನಿಗಳು ಒಂದಕ್ಕೊಂದು ಗುಟ್ಟು ಹೇಳುವಷ್ಟು ಹತ್ತಿರ. ಆ ಸಂದಿನಲ್ಲಿ ಸಿಲಿಂಡರಿನವನು ತನ್ನ ಸೈಕಲ್ ರಿಕ್ಷಾ ಸಿಕ್ಕಿಸಿಕೊಂಡು ನಿಂತಿದ್ದ. ನಾನು ಎದುರಿನ ಅಂಗಡಿಯಲ್ಲಿ ಚಹಾ ತೆಗೆದುಕೊಂಡೆ.

"ಮೇಡಂ, ಮೈಂ ಕಲ್ ಆಯಾ ಥಾ, ತಾಲಾ ಲಗಾ ಥಾ" ಎಂದ ಅವನು.

ಜೆಸಿಂತಾ ಸಿಡಿದಳು. "ಕಲ್ ನಹೀಂ ಭಯ್ಯಾ, ಆಜ್ ಹೋನಾ. ಅಭೀ. ಡೈಲಿ ಕಲ್ ಕಲ್ ಬೋಲ್ತಾ ಹೈ ತುಮ್."

"ಅರೇ, ಆಯಾ ಥಾ ಬೋಲ್ ರಹಾ ಹೂಂ ಮೇಡಂ, ಆವೂಂಗಾ ಥೋಡೀ ನಾ ಬೋಲಾ. ಯೇ ದೇಖೋ, ಸಿಲಿಂಡರ್ ಸಾಮ್ನೇ ಹೈ."

ಅವಳು ನನ್ನ ಕಡೆ ತಿರುಗಿದಳು. "ಎಂತ ಸರ್ ಇವನು, ಸಿಲಿಂಡರ್ ಇಟ್ಕೊಂಡು ನಾಳೆ ಅಂತಾನೆ."

ನನಗೆ ನಗು ಬಂತು. "ನಾಳೆ ಅಲ್ಲಮ್ಮ. ನಿನ್ನೆ ಬಂದಿದ್ದೆ, ಬೀಗ ಹಾಕಿತ್ತು ಅಂತಿದ್ದಾನೆ."

"ನಿನ್ನೆಗೆ ಬೇರೆ ಶಬ್ದ ಇಲ್ವಾ?"

"ಇಲ್ಲ. ನಿನ್ನೆಗೂ ಕಲ್, ನಾಳೆಗೂ ಕಲ್."

"ಮತ್ತೆ ಇವರಿಗೆ ಗೊತ್ತಾಗುವುದು ಹೇಗೆ ಮಾರಾಯ್ರೆ?"

"ಕೊನೇ ಮಾತಿಂದ. ಆಯಾ ಥಾ ಅಂದರೆ ಬಂದಿದ್ದ, ನಿನ್ನೆ. ಆಯೇಗಾ ಅಂದರೆ..."

ಬಾಯಿಗೆ ಹೋಗುತ್ತಿದ್ದ ಲೋಟ ಅಲ್ಲೇ ನಿಂತಿತು.

"ಜೆಸಿಂತಾ, ನಿನ್ನ ಕೋಡಿನಲ್ಲಿ ಕಲ್ ಅಂದರೆ ಏನು ಬರೆದಿದ್ದೀಯ?"

ಅವಳ ಕೈ ಪರ್ಸಿನೊಳಗೇ ಉಳಿಯಿತು. "ಪ್ಲಸ್ ಒಂದು ಸರ್" ಎಂದಳು ಮೆಲ್ಲಗೆ. "ನಲ್ಲಿ ರಿಪೇರಿಯವನು ಕಲ್ ಅಂತಾನೆ, ಮನೆ ಓನರ್ ಕಲ್ ಅಂತಾರೆ. ಬಂದಾಗಿನಿಂದ ನನಗೆ ಯಾರೂ ಆಗಿಹೋದದ್ದಕ್ಕೆ ಕಲ್ ಅಂದದ್ದೇ ಇಲ್ಲ."

ಸಿಲಿಂಡರಿನವನು ಇಬ್ಬರ ಮುಖವನ್ನೂ ನೋಡಿ, "ಪೈಸೇ ಭೀ ಕಲ್?" ಎಂದು ಕೇಳಿದ.

ನಾವು ಓಡುವವರಂತೆ ಆಫೀಸಿಗೆ ಬಂದೆವು. ಕೋಡಿನಲ್ಲಿ ಆ ಸಾಲು ಕಣ್ಣಿಗೆ ರಾಚುವಂತಿತ್ತು. ಆಜ್ ಅಂದರೆ ಸೊನ್ನೆ, ಕಲ್ ಅಂದರೆ ಪ್ಲಸ್ ಒಂದು. "ಮೈನಸ್ ಮಾಡಿಬಿಡ್ತೇನೆ ಸರ್, ಒಂದು ನಿಮಿಷ" ಎಂದಳು. ಕೈ ಹಿಡಿದು ತಡೆದೆ. ಒಂದು ಊಹೆಯನ್ನು ತೆಗೆದು ಇನ್ನೊಂದು ಊಹೆಯನ್ನು ಕೂರಿಸಿದರೆ ಆದದ್ದೇನು? ನಾಳೆ ಆಸ್ಪತ್ರೆಗೆ ಕರೆದೊಯ್ಯುತ್ತೇವೆ ಎಂದು ತಾಯಿ ಹೇಳಿದ್ದರೆ ಅದಕ್ಕೂ ದೀದಿ ಕಲ್ ಎಂದೇ ಬರೆದಿರುತ್ತಾರೆ. ಕೊನೆಯ ಮಾತು ಬೇಕು. ಆ ಕೊನೆಯ ಮಾತೇ ನಮ್ಮ ಫೈಲಿನಲ್ಲಿರಲಿಲ್ಲ.

ಯಾಕಿರಲಿಲ್ಲ ಎಂಬುದು ಆಗ ಹೊಳೆಯಿತು. ಮೆಹ್ರಾ ಸಾಹೇಬರಿಗೆ ತಮ್ಮ ಹಳೆಯ ಕಂಪ್ಯೂಟರಿನ ಮೇಲೆ ವಿಪರೀತ ಪ್ರೀತಿ. ಅದು ತೆರೆಯಬಲ್ಲ ಹಳೇ ನಮೂನೆಯಲ್ಲೇ ಎಲ್ಲ ಫೈಲುಗಳೂ ಹೊರಬರಬೇಕು ಎಂಬುದು ಅವರ ಅಪ್ಪಣೆ. ಆ ನಮೂನೆಯನ್ನು ನನಗಿಂತ ಮುಂಚಿನವರು ಹೊಂದಿಸಿಟ್ಟಿದ್ದರು. ಷರಾದ ಅಗಲ ಇಪ್ಪತ್ತೇ ಅಕ್ಷರ, ನಡುವಿನ ಜಾಗವೂ ಸೇರಿ. ಅದಕ್ಕಿಂತ ಉದ್ದವಿದ್ದದ್ದನ್ನು ಸದ್ದಿಲ್ಲದೆ ಕತ್ತರಿಸುತ್ತಿತ್ತು. ಷರಾವನ್ನು ಲೆಕ್ಕಕ್ಕೆ ಬಳಸುವುದೇ ಇಲ್ಲವೆಂದು ಅದುವರೆಗೆ ಯಾರೂ ಅತ್ತ ನೋಡಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೆ ಕ್ರಿಯಾಪದ ಮೊದಲೇ ಬಂದು ಬದುಕಿಕೊಳ್ಳುತ್ತಿತ್ತು. ನಮ್ಮ ಭಾಷೆಗಳಲ್ಲಿ ಅದು ಬಾಲ. ನಾನು ಅರ್ಧ ಮಾತಿಗೆ ಬೆಲ್ಲದಂಗಡಿಗೆ ಓಡಿದಂತೆ, ಕೋಡ್ ಕೂಡ ಅರ್ಧ ಮಾತಿಗೇ ಓಡಿತ್ತು.

ಮೂಲ ಡೇಟಾಬೇಸೂ ಕಾಗದದ ಫಾರಂಗಳೂ ಇದ್ದ ಕೋಣೆಗೆ ಬೀಗ. ಕೀಲಿ ಇದ್ದವರು ಸೋಮವಾರವೇ ಬರುವುದು. ಭಾನುವಾರ ಹೇಗೆ ಕಳೆಯಿತೆಂದು ನನ್ನ ಹೆಂಡತಿಯನ್ನು ಕೇಳಬೇಕು. ಉತ್ತರ ಗೊತ್ತಿದೆ, ಪುರಾವೆ ಇಲ್ಲ. ಆ ಸ್ಥಿತಿಗಿಂತ ಏನೂ ಗೊತ್ತಿಲ್ಲದಿರುವುದೇ ವಾಸಿ. ಒಂದು ವೇಳೆ ದೀದಿ ನಿಜವಾಗಿಯೂ ಅರ್ಧಕ್ಕೇ ಬರೆದಿದ್ದರೆ? ಟೈಪ್ ಮಾಡಿದವರೇ ಬಾಲ ಬಿಟ್ಟಿದ್ದರೆ? ತರಕಾರಿಗೆ ಹೋದವನು ಚೀಲ ಮರೆತು ಬಂದೆ, ಚೀಲ ತರಲು ಹೋದವನು ತರಕಾರಿ ಮರೆತೆ. "ನೀವು ಹೀಗೆ ಸುತ್ತುತ್ತಿದ್ದರೆ ನನಗೇ ತಲೆ ತಿರುಗತ್ತೆ, ಒಂದು ಕಡೆ ಕೂತು ಸುತ್ತಿ" ಎಂದಳು ಅವಳು.

ಸೋಮವಾರ ಪೀತಮ್‌ಪುರದಿಂದ ಮೊದಲ ಬಸ್ಸು ಹಿಡಿದೆ. ರಿಂಗ್ ರೋಡಿನ ಪ್ರತಿ ಕೆಂಪು ದೀಪಕ್ಕೂ ಎದ್ದು ನಿಲ್ಲುತ್ತಿದ್ದೆ. ಕಂಡಕ್ಟರ್ "ಬೈಠ್ ಜಾವೋ ಬಾವೂಜಿ, ಖಡೇ ಹೋನೇ ಸೇ ಬಸ್ ತೇಜ್ ನಹೀಂ ಹೋಗೀ" ಎಂದ. ನಿಂತ ಮಾತ್ರಕ್ಕೆ ಬಸ್ಸು ಜೋರಾಗಿ ಓಡುವುದಿಲ್ಲ ಅಂತ. ಜೆಸಿಂತಾ ಆಗಲೇ ಬಾಗಿಲಲ್ಲಿ ಕಾಯುತ್ತಿದ್ದಳು. ಬಿಮ್ಲಾ ದೀದಿ ಅದೇ ಬೆಂಚಿನ ಮೇಲೆ. ಬೀಗ ತೆಗೆಸಿ, ಷರಾದ ಅಗಲ ಹೆಚ್ಚಿಸಿ, ಮತ್ತೆ ಹೊರತೆಗೆದೆವು. ಜೆಸಿಂತಾ ಅಕ್ಷರ ಕೂಡಿಸಿ ಓದತೊಡಗಿದಳು.

"ಗುಡ್ಡೂ ಕೋ ಕಲ್ ದೋ ಬಾರ್ ಉಲ್ಟೀ ಹುಯೀ ಥೀ, ಅಬ್ ಠೀಕ್ ಹೈ."

ಹುಯೀ ಥೀ. ಆಗಿತ್ತು. ನಿನ್ನೆ. ಉಲ್ಟೀ, ಅಂದರೆ ವಾಂತಿ, ಒಂದಾದ ಮೇಲೊಂದು ಹುಯೀ ಥೀ, ಹುಯೀ ಥೀ. ನಡುವೆ ಎರಡು ಕಡೆ ಮಾತ್ರ "ಕಲ್ ಅಸ್ಪತಾಲ್ ಲೇ ಜಾಯೇಂಗೇ", ನಾಳೆ ಕರೆದೊಯ್ಯುತ್ತೇವೆ. ಕಣ್ಣುಮುಚ್ಚಿ ಮೈನಸ್ ಮಾಡಿದ್ದರೆ ಆ ಎರಡು ಹಾಳಾಗುತ್ತಿದ್ದವು. ಜೆಸಿಂತಾ ಆ ಎರಡರ ನಂಬರನ್ನು ಬೇರೆ ಬರೆದುಕೊಂಡಳು.

ಮೆಹ್ರಾ ಸಾಹೇಬರ ಮುಂದೆ ಎರಡು ಹಾಳೆ ಇಟ್ಟೆವು, ಕತ್ತರಿಸಿದ್ದು ಮತ್ತು ಇಡಿಯಾದದ್ದು. ಪಕ್ಕದಲ್ಲಿ ಕೋಡಿನ ಆ ಒಂದು ಸಾಲು. "ಇದು ನಾನು ಬರೆದದ್ದು ಸರ್" ಎಂದು ಜೆಸಿಂತಾ ತಾನಾಗಿಯೇ ಹೇಳಿದಳು. ಅವರು ಮೊದಲು ಮನಸ್ಸಿನಲ್ಲಿ ಓದಿದರು, ಆಮೇಲೆ ಬಾಯಿಬಿಟ್ಟು. ಆ ಎತ್ತರದ ದನಿಯ ಮನುಷ್ಯ ಓಣಿಯ ತಾಯಂದಿರ ಮಾತನ್ನು ಅವರದೇ ರಾಗದಲ್ಲಿ ಓದುತ್ತ ಹೋದರು. ಓದಿ ಮುಗಿಸಿ "ಅಚ್ಛಾ" ಎಂದರು. ಅಷ್ಟು ಸಣ್ಣ ಅಚ್ಛಾ ಅವರ ಬಾಯಿಂದ ನಾನು ಕೇಳಿರಲಿಲ್ಲ.

ಬಿಮ್ಲಾ ದೀದಿಯನ್ನು ಒಳಗೆ ಕರೆಸಿದರು. "ಗಲತೀ ಮಶೀನ್ ಕೀ ಥೀ, ಬಿಮ್ಲಾ ಜೀ. ಆಪ್ ಫೀಲ್ಡ್ ಜಾಯಿಯೇ" ಎಂದರು. ತಪ್ಪು ಯಂತ್ರದ್ದು, ನೀವು ಕೆಲಸಕ್ಕೆ ಹೋಗಿ.

ದೀದಿ ಚೀಲ ಹೆಗಲಿಗೇರಿಸಿದರು. "ಬಾಹರ್ ಬೆಂಚ್ ಪರ್ ಮಶೀನ್ ನೇ ತೋ ನಹೀಂ ಬಿಠಾಯಾ ಥಾ, ಸಾಬ್" ಎಂದು ಹೊರಟುಹೋದರು. ಹೊರಗೆ ಕೂರಿಸಿದ್ದು ಯಂತ್ರವಲ್ಲವಲ್ಲ.

ಅವರ ಕೆಲಸ ಉಳಿಯಿತು, ಮಕ್ಕಳ ರೆಕಾರ್ಡುಗಳೂ ಉಳಿದವು. ಒಂದು ಮಾತನ್ನು ಹೊಸಬರಿಗೆ ಹೇಳಲೇಬೇಕು. ಹಳೆಯ ಕಾಲದಂತೆ ಕೈಯಿಂದ ತಿದ್ದಿದ್ದರೆ ಆ ಪ್ಲಸ್ ಒಂದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತಪ್ಪು ಒಂದು ಸಾಲಾಗಿ ಬರೆದಿತ್ತು, ಅದಕ್ಕೇ ಸಿಕ್ಕಿತು.

ಆದರೆ ನನ್ನ ತಳಮಳ ಅಲ್ಲಿಗೆ ಮುಗಿಯಲಿಲ್ಲ. ಅಂದಿನಿಂದ ಬಿಮ್ಲಾ ದೀದಿಯ ಫಾರಂಗಳು ಎಲ್ಲರಿಗಿಂತ ಅಚ್ಚುಕಟ್ಟಾದವು. ತಾರೀಕಿನ ಕಾಲಮಿನಲ್ಲಿ ತಾರೀಕು. ಷರಾ ಮಾತ್ರ ಖಾಲಿ. ಗುಡ್ಡೂ ಇಲ್ಲ, ಮುನ್ನೀ ಇಲ್ಲ, ಯಾವ ತಾಯಿಯ ದನಿಯೂ ಇಲ್ಲ. ನನ್ನ ಕೋಡ್ ತಕರಾರಿಲ್ಲದೆ ಓಡುತ್ತಿತ್ತು, ನನಗೆ ಕೂರಲಾಗುತ್ತಿರಲಿಲ್ಲ. ಒಮ್ಮೆ ಮೆಟ್ಟಿಲ ಬಳಿ ತಡೆದು, "ಬರೀರಿ ದೀದಿ, ಈಗ ಅಗಲ ಮಾಡಿದ್ದೀವಿ, ಕೊನೇ ಹುಯೀ ಥೀನ ಕತ್ತರಿಸಲ್ಲ" ಎಂದೆ. "ಕೈಂಚೀ ಕಾ ಕ್ಯಾ ಭರೋಸಾ, ಭಾಯೀಸಾಬ್" ಎಂದರು. ಕತ್ತರಿಯನ್ನು ನಂಬುವುದುಂಟೇ ಎಂದು ನಕ್ಕು ಇಳಿದುಹೋದರು. ಆ ನಗುವನ್ನು ನಾನು ಹೇಗೆ ಓದಬೇಕೋ ತಿಳಿಯಲಿಲ್ಲ.

ಪ್ರತಿ ವಾರ ಫೈಲು ಹೊರತೆಗೆದ ಕೂಡಲೇ ಮೊದಲು ಅವರ ಷರಾದ ಕಾಲಮಿಗೆ ಇಳಿಯುವುದು ನನಗೆ ಚಾಳಿಯಾಯಿತು. ಖಾಲಿ. ಮತ್ತೆ ಖಾಲಿ. ಚಳಿ ಮುಗಿದು ಫ್ಯಾನು ಹಾಕುವ ದಿನ ಬಂದಿತ್ತು. ಒಂದು ಬೆಳಿಗ್ಗೆ ಜೆಸಿಂತಾ ತನ್ನ ಜಾಗದಿಂದಲೇ ಕೂಗಿದಳು. ಅಷ್ಟು ಹೊತ್ತಿಗೆ ಅವಳ ಹಿಂದಿ ಸಿಲಿಂಡರಿನವನ ಜೊತೆ ಚೌಕಾಸಿ ಮಾಡುವಷ್ಟು ಬೆಳೆದಿತ್ತು.

"ಸರ್, ಬನ್ನಿ ಇಲ್ಲಿ. ಬಿಮ್ಲಾ ದೀದಿ ಷರಾ ಬರೆದಿದ್ದಾರೆ. ಆದರೆ ಇದೆಂತ, ಹಿಂದುಮುಂದಾಗಿ ಉಂಟು?"

ಕುರ್ಚಿ ಹಿಂದಕ್ಕೆ ತಳ್ಳಿ ಹೋಗಿ ನೋಡಿದೆ. ತೆರೆಯ ಮೇಲೆ ಒಂದೇ ಒಂದು ಸಾಲು: "ಹುಯೀ ಥೀ ಉಲ್ಟೀ, ಕಲ್, ಗುಡ್ಡೂ ಕೋ, ಮಾ ಬೋಲೀ ದೂಧ್ ಪೀನೇ ಕೇ ಬಾದ್."

ಆಗಿತ್ತು ಎಂಬುದನ್ನು ಎಲ್ಲಕ್ಕಿಂತ ಮೊದಲು, ಹಾಲು ಕುಡಿದ ಮೇಲೆ ಎಂಬ ತಾಯಿಯ ಮಾತನ್ನು ಕೊನೆಗೆ ಬರೆದಿದ್ದರು. ಕತ್ತರಿ ಎಲ್ಲಿ ಬೇಕಾದರೂ ಬೀಳಲಿ, ಬಾಲ ಈಗ ತಲೆಯ ಕಡೆಗಿತ್ತು.

ಜೆಸಿಂತಾ ಇನ್ನೊಮ್ಮೆ ಓದಿಕೊಂಡು ನಕ್ಕಳು. "ಉಲ್ಟೀಯನ್ನೇ ಉಲ್ಟಾ ಬರೆದುಬಿಟ್ಟಿದ್ದಾರೆ ಸರ್."

ನಾನು ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕೂತೆ. ಅವತ್ತು ತರಿಸಿದ ಚಹಾ ಬಿಸಿಯಾಗಿಯೇ ಮುಗಿಯಿತು.